ಮೂರು ಚಕ್ರದ ಸ್ಟ್ರೋಲರ್: ದಾವಣಗೆರೆಯಲ್ಲಿ ಹುಡುಕಿದ್ದು, ಬೆಂಗಳೂರಿನಿಂದ ತಂದದ್ದು

ಕೂಸನ್ನು ಕೂರಿಸಿ ತಳ್ಳುವ ಗಾಡಿ, ಅಂದರೆ ಸ್ಟ್ರೋಲರ್, ತಳ್ಳಿಕೊಂಡು ವಿದ್ಯಾನಗರದ ರಸ್ತೆಗೆ ಇಳಿದರೆ ಯಾರಾದರೊಬ್ಬರು ತಡೆದು ನಿಲ್ಲಿಸಿ ಕೇಳುತ್ತಾರೆ: "ಎಲ್ಲಿ ತಗಂಡ್ರಿ? ಎಷ್ಟಾತು? ನಮ್ಮೂರಾಗ ಸಿಗ್ತತಾ?" ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನ ಹತ್ತಿರ ಇಲ್ಲ. ಮಗಳಿಗೆ ಐದು ತಿಂಗಳು ತುಂಬಿದಾಗ ಶುರುವಾದ ಹುಡುಕಾಟ ಮುಗಿಯುವ ಹೊತ್ತಿಗೆ ಅವಳು ಕೂತು ಆಡುವಂತಾಗಿದ್ದಳು. ನಡುವೆ ಅಂಗಡಿಯೊಂದರಲ್ಲಿ ಅಡ್ವಾನ್ಸ್ ಸಿಕ್ಕಿಹಾಕಿಕೊಂಡಿತು, ಆನ್‌ಲೈನಿನಿಂದ ಬಂದ ಆಳೆತ್ತರದ ಬಾಕ್ಸ್ ಹಾಲಿನಲ್ಲಿ ವಾರಗಟ್ಟಲೆ ಕೂತಿತು, ಕೊನೆಗೆ ಮನೆಯ ಮೆಟ್ಟಿಲ ಮೇಲೆ ಕಬ್ಬಿಣದ ಕೆಲಸ ಮಾಡಿಸಬೇಕಾಯಿತು. ಇನ್ನು ಕೊಳ್ಳಬೇಕು ಅಂದುಕೊಂಡಿರುವವರಿಗೆ ಅನುಕೂಲವಾಗಲಿ ಅಂತ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಹರಿಹರದ ತವರಿನಲ್ಲಿ ಬಾಣಂತನ ಮುಗಿಸಿ ಬರುವವರೆಗೆ ಕೂಸನ್ನು ಎತ್ತಿಕೊಳ್ಳೋಕೆ ಕೈಗೊಬ್ಬರಿದ್ದರು. ಇಲ್ಲಿ ಹಗಲೆಲ್ಲ ಅತ್ತೆ ಮತ್ತು ನಾನು ಇಬ್ಬರೇ. ಅವರಿಗೆ ಮಂಡಿನೋವು, ನನಗೆ ಸಿಸೇರಿಯನ್ ಆದಾಗಿನಿಂದ ಸೊಂಟ ನೋವು. ಕೂಸು ಏಳು ಕೆಜಿ. ಸಂಜೆ ಐದಾಯಿತೆಂದರೆ ಅವಳಿಗೆ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಅತ್ತು ಓಣಿ ಒಂದು ಮಾಡುತ್ತಾಳೆ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಚಳಿಗಾಲದಲ್ಲಿ ಚೆನ್ನಾಗಿತ್ತು. ಮಾರ್ಚ್ ಬಂದ ಮೇಲೆ ಇಬ್ಬರ ಬೆವರೂ ಸೇರಿ ಅವಳ ಕುತ್ತಿಗೆ, ಎದೆ ತುಂಬ ಬೆವರುಸಾಲೆ ಎದ್ದಿತು. ಅಲ್ಲಿಗೆ ಕ್ಯಾರಿಯರ್ ಬೀರು ಸೇರಿತು.

ಬೆಂಗಳೂರಿನಲ್ಲಿರುವ ನಾದಿನಿ ತನ್ನ ಮಗನಿಗೆ ಬಳಸಿದ್ದ ನಾಲ್ಕು ಚಕ್ರದ ಸ್ಟ್ರೋಲರ್ ಕೊಟ್ಟಿದ್ದಳು. ಒಳ್ಳೆಯ ಸಾಮಾನೇ. ಮನೆಯೊಳಗಿನ ಟೈಲ್ಸ್ ಮೇಲೆ ಒಂದು ಬೆರಳಲ್ಲಿ ತಳ್ಳಬಹುದು. ಆದರೆ ನಮ್ಮ ರಸ್ತೆ ಕಥೆ ಬೇರೆ. ನೀರಿನ ಪೈಪಿಗೆ ಅಗೆದು ಮುಚ್ಚಿದ ಜಾಗದಲ್ಲಿ ಮಣ್ಣು ಕುಸಿದಿದೆ, ಮೇಲೆ ಅಲ್ಲಲ್ಲಿ ಜಲ್ಲಿ ಎದ್ದಿದೆ, ಚರಂಡಿಯ ಕಲ್ಲುಚಪ್ಪಡಿಗಳ ನಡುವೆ ಮೂರು ಬೆರಳು ಸಂದು. ಆ ಸ್ಟ್ರೋಲರ್‌ನ ಚಕ್ರ ಅಂಗೈ ಅಗಲದ ಗಟ್ಟಿ ಪ್ಲಾಸ್ಟಿಕ್. ಗೇಟು ದಾಟಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಒಂದು ಜಲ್ಲಿಕಲ್ಲಿಗೆ ಮುಂದಿನ ಚಕ್ರ ಗಕ್ಕನೆ ನಿಂತಿತು, ಗಾಡಿಯ ಹಿಂಬದಿ ಮೇಲೆದ್ದಿತು, ಕೂಸು ಬೆಲ್ಟಿನಲ್ಲಿ ಮುಂದಕ್ಕೆ ಜೋತಾಡಿತು. ಬೆಲ್ಟ್ ಹಾಕಿದ್ದೆ, ಏನೂ ಆಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆ ಅಜ್ಜಿ ಮಾತ್ರ "ಅಯ್ಯೋ ಕೂಸವ್ವಾ, ಎತ್ಕಳವ್ವ ಮೊದ್ಲು" ಅಂತ ಕೂಗಿದ್ದು ಓಣಿಗೆಲ್ಲ ಕೇಳಿಸಿತು.

ಚಕ್ರ ಚಿಕ್ಕದಾದಷ್ಟೂ ಸಣ್ಣ ಕಲ್ಲೂ ಅದಕ್ಕೆ ಗೋಡೆಯೇ. ದೊಡ್ಡ ಚಕ್ರ ಅದೇ ಕಲ್ಲನ್ನು ಹತ್ತಿ ಇಳಿಯುತ್ತದೆ, ಗಾಳಿ ತುಂಬಿದ್ದಾದರೆ ಕುಲುಕಾಟವನ್ನೂ ಒಂದಿಷ್ಟು ನುಂಗಿಕೊಳ್ಳುತ್ತದೆ. ದೊಡ್ಡ ಗಾಳಿಚಕ್ರ ಇರುವ ಸ್ಟ್ರೋಲರ್ ಅಂತ ಹುಡುಕಿದಾಗೆಲ್ಲ ಎದುರಿಗೆ ಬರುತ್ತಿದ್ದುದು ಮೂರು ಚಕ್ರದವೇ. ಈ ಜಾತಿಯ ಗಾಡಿ ಹುಟ್ಟಿದ್ದೇ ಓಡುವವರಿಗಾಗಿ. ಅಮೆರಿಕದ ಯಾಕಿಮಾ ಎಂಬ ಊರಿನಲ್ಲಿ ಫಿಲ್ ಬೆಕ್ಲರ್ ಎನ್ನುವವರು ಮಗನನ್ನೂ ಕರೆದುಕೊಂಡು ಓಡಬೇಕು ಅಂತ ಸ್ಟ್ರೋಲರ್‌ಗೆ ಸೈಕಲ್ ಚಕ್ರ ಜೋಡಿಸಿದರು. 1984ರಲ್ಲಿ ಬೇಬಿ ಜಾಗರ್ ಕಂಪನಿ ಹುಟ್ಟಿದ್ದು ಹಾಗೆ. ನನಗೆ ಓಡುವ ಉಮೇದೇನೂ ಇರಲಿಲ್ಲ. ಓಡುವವರಿಗೆ ಮಾಡಿದ ಗಾಡಿ ನಮ್ಮ ಓಣಿಯಲ್ಲಿ ನಡೆಯುವವರಿಗಾದರೂ ಸರಿಹೋಗಬಹುದು ಅನ್ನುವ ಲೆಕ್ಕ ಅಷ್ಟೇ.

ಮೂರು ಚಕ್ರದವುಗಳಲ್ಲೂ ಎರಡು ಬಗೆ ಇವೆ. ಇದು ಗೊತ್ತಿಲ್ಲದೆ ಅಂಗಡಿಗೆ ಹೋದರೆ ಮಾರುವವರು ಹೇಳಿದ್ದಕ್ಕೆ ತಲೆ ಆಡಿಸಿ ಬರಬೇಕಾಗುತ್ತದೆ. ಒಂದು ಬಗೆಯಲ್ಲಿ ಮುಂದೆ 12 ಇಂಚು, ಹಿಂದೆ 12 ಅಥವಾ 16 ಇಂಚಿನ ಗಾಳಿಚಕ್ರ. ಮುಂಚಕ್ರವನ್ನು ತಿರುಗಲು ಬಿಡಬಹುದು, ನೇರಕ್ಕೆ ಲಾಕ್ ಕೂಡ ಮಾಡಬಹುದು. ಕೈಗೆ ಹಾಕಿಕೊಳ್ಳಲು ಪಟ್ಟಿ ಇರುತ್ತದೆ. ತೂಕ ಹತ್ತು ಹನ್ನೆರಡು ಕೆಜಿ. ಇನ್ನೊಂದು ಬಗೆ ಫೋಮ್ ತುಂಬಿದ ಸಣ್ಣ ಚಕ್ರದ್ದು, ಹಗುರ, ಬೇಗ ಮಡಚಿಕೊಳ್ಳುತ್ತದೆ, ಪಂಚರ್ ಆಗುವುದಿಲ್ಲ. ಮಾಲ್‌ಗೆ, ಕಾಂಕ್ರೀಟ್ ರಸ್ತೆಗೆ ಅದು ಸಾಕು. ನೋಡುವುದಕ್ಕೆ ಎರಡೂ ಒಂದೇ ಥರ ಇರುತ್ತವೆ.

ಮಂಡಿಪೇಟೆ, ಪಿ.ಜೆ. ಬಡಾವಣೆ ಎಲ್ಲ ಕಡೆ ಅಂಗಡಿ ಸುತ್ತಿದೆವು. ಮಂಡಿಪೇಟೆಯ ಒಬ್ಬರು ಬಹಳ ಉತ್ಸಾಹದಿಂದ ಅಟ್ಟದಿಂದ ಇಳಿಸಿದ್ದು ಮಕ್ಕಳು ಪೆಡಲ್ ತುಳಿಯುವ ಮೂರು ಗಾಲಿ ಸೈಕಲ್ಲು. "ಇದು ಅಲ್ರಿ, ಮಲಗಿಸಿ ತಳ್ಳೋದು" ಅಂದೆ. "ಅದಕ್ಕ ನಾಕು ಗಾಲೀವೇ ಬರ್ತಾವಕ್ಕಾ, ಮೂರು ಗಾಲೀದು ಯಾಕ? ವಾಲ್ತತಿ" ಅಂದರು. ಇನ್ನೊಂದು ಕಡೆ ಕೂಸಿಗೆ ಐದು ತಿಂಗಳು ಅಂದ ಕೂಡಲೇ ವಾಕರ್ ತೋರಿಸಿದರು. ಚಕ್ರ ಇರುವ ಆ ವಾಕರ್‌ಗಳಿಂದ ಮಕ್ಕಳು ಮೆಟ್ಟಿಲಿಂದ ಉರುಳುತ್ತಾರೆ ಅಂತ ಕೆನಡಾ ದೇಶ 2004ರಲ್ಲೇ ಮಾರಾಟ ನಿಷೇಧಿಸಿದೆ. ನಮ್ಮಲ್ಲಿ ಅದೇ ನಾಮಕರಣದ ಮೊದಲ ಉಡುಗೊರೆ. ನಾವು ಮೂರು ಚಕ್ರದ್ದು ಹುಡುಕುತ್ತಿರುವ ಸುದ್ದಿ ಕೇಳಿ ನಮ್ಮ ಮಾವ ಅವರೂ, ತಾವು ಹಳ್ಳಿಯಲ್ಲಿ ಮಾಡಿಸಿದ್ದ ಮರದ ಮೂರು ಗಾಲಿ ಗಾಡಿಯನ್ನು ಅಟ್ಟದಿಂದ ತಂದು ಒರೆಸಿಟ್ಟರು. ಅದು ನಡೆಯೋಕೆ ಕಲಿಯುವ ಮಕ್ಕಳು ಹಿಡಿದುಕೊಂಡು ತಳ್ಳುವಂಥದ್ದು. ಅದರ ಸರದಿ ಇನ್ನೂ ಬರಬೇಕು.

ಒಂದು ಅಂಗಡಿಯವರು ಮಾತ್ರ "ಬೆಂಗ್ಳೂರಿಂದ ತರಿಸಿಕೊಡ್ತೀನ್ರಿ, ಸಾವಿರ ರೂಪಾಯಿ ಅಡ್ವಾನ್ಸ್ ಕೊಡ್ರಿ" ಅಂದರು. ಕೊಟ್ಟೆವು. ಫೋನ್ ಮಾಡಿದಾಗೆಲ್ಲ "ನಾಳೆ ಲಾರಿಗೆ ಬರ್ತತ್ರಿ ಮೇಡಂ". ಆ ನಾಳೆ ಯುಗಾದಿ ಕಳೆದರೂ ಬರಲಿಲ್ಲ. ಕೊನೆಗೆ ಬಂದದ್ದು ಕೆಂಪು ಬಣ್ಣದ, ನಾಲ್ಕು ಚಕ್ರದ್ದು. "ಕಲರ್ ಭಾಳ ಚಲೋ ಐತ್ರಿ" ಅನ್ನುವುದೇ ಅವರ ವಾದ. ದುಡ್ಡು ವಾಪಸ್ ಕೊಡಲು ಒಪ್ಪಲಿಲ್ಲ, ಅದರ ಬದಲು ಸ್ನಾನದ ಟಬ್ಬು, ಬಟ್ಟೆ ತಂದೆವು. ಅಡ್ವಾನ್ಸ್ ಕೊಡುವವರು ಚೀಟಿಯಲ್ಲಿ ಮಾಡೆಲ್ ಹೆಸರು, ಚಕ್ರ ಎಷ್ಟು, ಟೈರ್ ಗಾಳಿಯದ್ದೋ ಅಲ್ಲವೋ, ಯಾವ ತಾರೀಖಿನೊಳಗೆ ತರಿಸಬೇಕು, ಇಲ್ಲದಿದ್ದರೆ ದುಡ್ಡು ವಾಪಸ್ ಅಂತ ಬರೆಸಿಕೊಳ್ಳಿ. ಬರೀ "ಸ್ಟ್ರೋಲರ್ 1" ಅಂತ ಬರೆದ ಚೀಟಿಯಿಂದ ಜಗಳಕ್ಕೂ ಆಧಾರ ಸಿಗುವುದಿಲ್ಲ.

ಅಡ್ವಾನ್ಸ್ ಕಾಯುತ್ತಿರುವಾಗಲೇ ಆನ್‌ಲೈನಿನಲ್ಲೂ ಹುಡುಕುತ್ತಿದ್ದೆ. ರಾತ್ರಿ ಕೂಸಿಗೆ ಹಾಲು ಕುಡಿಸುವಾಗ ಒಂದು ಕೈಯಲ್ಲಿ ಮೊಬೈಲು. ಸಾದಾ ನಾಲ್ಕು ಚಕ್ರದ್ದು ನಾಲ್ಕೈದು ಸಾವಿರದಿಂದ ಸಿಗುತ್ತದೆ, ಮೂರು ಚಕ್ರದ್ದು ಹತ್ತು ಸಾವಿರ ದಾಟುತ್ತದೆ, ಹೊರದೇಶದ ಜಾಗಿಂಗ್ ಸ್ಟ್ರೋಲರ್ ಬೆಲೆ ನೋಡಿದರೆ ಹಳೇ ಸ್ಕೂಟರ್ ಬರುತ್ತದೆ. ನಮ್ಮನೆಯವರು ಆ ಬೆಲೆ ನೋಡಿ ಏನೂ ಮಾತಾಡದೆ ಲೈಟ್ ಆರಿಸಿ ಮಲಗಿದರು.

ಮಧ್ಯಮ ಬೆಲೆಯದ್ದೊಂದನ್ನು ತರಿಸಿದೆವು. ಫೋಟೋದಲ್ಲಿ ಕಪ್ಪು ಟೈರು, ಗೆರೆ ಗೆರೆ ಅಚ್ಚು. ಬಾಕ್ಸ್ ತೆರೆದು ಉಗುರಿನಿಂದ ಒತ್ತಿದರೆ ಟೈರಿನ ಆಕಾರದಲ್ಲಿ ಎರಕ ಹೊಯ್ದ ಗಟ್ಟಿ ಪ್ಲಾಸ್ಟಿಕ್! ಗಾಳಿ ತುಂಬುವ ವಾಲ್ವ್ ಎಲ್ಲಿದೆ ಅಂತ ಚಕ್ರ ತಿರುಗಿಸಿ ತಿರುಗಿಸಿ ನೋಡಿದೆ. ಇರಲೇ ಇಲ್ಲ. ವಿವರಣೆಯಲ್ಲಿ ಗಾಳಿಟೈರು ಅಂತ ಸ್ಪಷ್ಟವಾಗಿ ಬರೆದಿತ್ತು. ಫೋಟೋ ನೋಡುವಾಗ ಚಕ್ರವನ್ನು ದೊಡ್ಡದು ಮಾಡಿ ವಾಲ್ವ್ ಹುಡುಕಿ, ಅದಿಲ್ಲದಿದ್ದರೆ ಗಾಳಿಟೈರು ಅಲ್ಲ. ಮುಂದೆ ಒಂದೇ ಚಕ್ರವೋ, ಅಂಟಿಕೊಂಡ ಎರಡು ಸಣ್ಣ ಚಕ್ರಗಳೋ ಅನ್ನುವುದನ್ನೂ ನೋಡಿ. ಎರಡನ್ನೂ ಮೂರು ಚಕ್ರದ್ದೆಂದೇ ಮಾರುತ್ತಾರೆ.

ವಾಪಸ್ ಕಳಿಸುವುದು ತರಿಸಿದ್ದಕ್ಕಿಂತ ದೊಡ್ಡ ಕೆಲಸವಾಯಿತು. ಪಿಕಪ್‌ಗೆ ಬಂದ ಹುಡುಗ ಬೈಕಿನಲ್ಲಿ ಬಂದಿದ್ದ. ಬಾಕ್ಸ್ ನೋಡಿದ, ಬೈಕ್ ನೋಡಿದ, "ಅಕ್ಕಾ, ಇದನ್ನ ಹೆಂಗೆ ಒಯ್ಯಲಿ ಹೇಳ್ರಿ" ಅಂತ ನಕ್ಕು ಹೋದ. ಅವನು ಓಣಿ ದಾಟುವ ಮೊದಲೇ ಮೊಬೈಲಿಗೆ ಸಂದೇಶ: ಗ್ರಾಹಕರು ಲಭ್ಯವಿರಲಿಲ್ಲ. ಇದೇ ನಾಟಕ ಮತ್ತೆ ನಡೆದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. ಆಮೇಲೆ ಆಟೋ ಬಂತು, ಬಾಕ್ಸ್ ಹೋಯಿತು, ಇನ್ನಷ್ಟು ದಿನ ಕಾದ ಮೇಲೆ ದುಡ್ಡು ಖಾತೆಗೆ ಬಂತು. ನಮ್ಮನ್ನು ಕಾಪಾಡಿದ್ದು ನಮ್ಮನೆಯವರು ಬಾಕ್ಸ್ ತೆರೆಯುವಾಗ ಮಾಡಿದ್ದ ವಿಡಿಯೋ. ದೊಡ್ಡ ಸಾಮಾನು ತರಿಸಿದರೆ ಟೇಪ್ ಕತ್ತರಿಸುವ ಮೊದಲೇ ವಿಡಿಯೋ ಶುರು ಮಾಡಿ. ಚಕ್ರಕ್ಕೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ, ಥರ್ಮಾಕೋಲು ಯಾವುದನ್ನೂ ಎಸೆಯಬೇಡಿ. ಬಾಕ್ಸ್ ಮೇಲಿನ ಲೇಬಲ್ಲನ್ನೂ ಓದಿ: ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಎಂಆರ್‌ಪಿ, ತಿಂಗಳು ವರ್ಷ, ದೂರು ಹೇಳುವ ನಂಬರ್ ಇರಬೇಕು ಅಂತ ಕಾನೂನೇ ಇದೆ. ನಮಗೆ ಬಂದದ್ದರ ಮೇಲೆ ವಿಳಾಸದ ಜಾಗ ಖಾಲಿ ಇತ್ತು, ಅದರ ಫೋಟೋವನ್ನೂ ದೂರಿನ ಜೊತೆ ಹಾಕಿದೆವು.

ಆ ಬಾಕ್ಸ್ ಹಾಲಿನಲ್ಲಿ ಕೂತಿದ್ದಷ್ಟು ದಿನ ಒಂದು ಉಪಕಾರ ಮಾಡಿತು. ಒಂದು ಭಾನುವಾರ ನಮ್ಮನೆಯವರು ಟೇಪ್ ತಂದು ಸ್ಟ್ರೋಲರನ್ನೂ ಮನೆಯನ್ನೂ ಅಳೆದರು. ಹಿಂದಿನ ಎರಡು ಚಕ್ರದ ಹೊರ ಅಂಚಿನಿಂದ ಅಂಚಿಗೆ 62 ಸೆಂಟಿಮೀಟರ್. ನಮ್ಮ ಚಿಕ್ಕ ಗೇಟು 75, ಸರಿ. ಬಾಗಿಲು ಸರಿ. ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿದೆ, ಅಲ್ಲಿ ಈಗ ಇರುವುದು ಒಂದು ಹಣ್ಣಿನ ಬುಟ್ಟಿಯ ಜಾಗ. ಮಡಚಿದ ಸ್ಟ್ರೋಲರ್ ಹಿಂದಿನ ಸೀಟಿನಲ್ಲಿ ಒಬ್ಬರ ಜಾಗ ತಿನ್ನುತ್ತದೆ ಅಂತ ಆಗಲೇ ಗೊತ್ತಾಯಿತು. ಅದಕ್ಕಿಂತ ತಮಾಷೆ ನಮ್ಮ ಮೆಟ್ಟಿಲು. ಸ್ಕೂಟರ್ ಹತ್ತಿಸೋಕೆ ಅಂತ ಎಲ್ಲರ ಮನೆಯಲ್ಲೂ ಇರುವ ಹಾಗೆ ನಮ್ಮ ಮೆಟ್ಟಿಲ ನಡುವೆಯೂ ಒಂದಡಿ ಅಗಲದ ಸಿಮೆಂಟ್ ಇಳಿಜಾರು ಇದೆ. ಮುಂದಿನ ಒಂಟಿ ಚಕ್ರ ಅದರ ಮೇಲೆ ಠೀವಿಯಿಂದ ಹತ್ತುತ್ತದೆ. ಹಿಂದಿನ ಎರಡು ಚಕ್ರ ಆ ಕಡೆ ಒಂದು ಈ ಕಡೆ ಒಂದು ಮೆಟ್ಟಿಲಿಗೆ ಬಡಿದು ನಿಲ್ಲುತ್ತವೆ. ಎತ್ತು ಏರಿಗೆ ಕೋಣ ನೀರಿಗೆ. ಸ್ಟ್ರೋಲರ್ ನೋಡುವ ಮೊದಲು ಈ ಅಳತೆಗಳನ್ನು ಬರೆದಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಯಾವ ಕಂಪನಿ, ಯಾವ ಬಣ್ಣ ಅನ್ನುವುದು ಆಮೇಲಿನ ಮಾತು.

ಆರು ತಿಂಗಳ ತಪಾಸಣೆಗೆ ಹೋದಾಗ ಮಕ್ಕಳ ಡಾಕ್ಟರನ್ನೂ ಕೇಳಿದೆ. ಕೂಸಿನ ಕುತ್ತಿಗೆ ಗಟ್ಟಿಯಾಗಿ ನಿಂತಿದೆಯಾ, ಆಸರೆ ಇಲ್ಲದೆ ಕೂರುತ್ತಾ ಅನ್ನುವುದನ್ನು ನೋಡಿ ಸೀಟಿನ ಬೆನ್ನನ್ನು ಎತ್ತಬೇಕು, ಅಲ್ಲಿವರೆಗೆ ಸೀಟು ಚಪ್ಪಟೆಯಾಗಿ ಮಲಗುವಂಥದ್ದೇ ಬೇಕು ಅಂದರು. ತಲೆ ಎದೆಯ ಮೇಲೆ ಜೋತು ಬಿದ್ದರೆ ಪುಟ್ಟ ಮಕ್ಕಳಿಗೆ ಉಸಿರಾಟಕ್ಕೇ ತೊಂದರೆ. "ಜಾಗಿಂಗ್ ಅಂತ ಹೆಸರಿದೆ ಅಂತ ಓಡಿಸ್ಬೇಡಿ ಈಗ್ಲೇ" ಅಂತಲೂ ಹೇಳಿದರು. ತಯಾರಕರೂ ಸಾಮಾನ್ಯವಾಗಿ ಆರರಿಂದ ಎಂಟು ತಿಂಗಳು ಆಗುವವರೆಗೆ ಓಡಬೇಡಿ ಅನ್ನುತ್ತಾರೆ. ಎಷ್ಟೋ ಮೂರು ಚಕ್ರದ ಗಾಡಿಗಳ ಸೀಟು ಪೂರ್ತಿ ಮಲಗುವುದಿಲ್ಲ. ಹುಟ್ಟಿದ ಕೂಸಿಗೇ ಕೊಳ್ಳುವವರು ಇದನ್ನು ಮೊದಲು ನೋಡಬೇಕು. ನಮ್ಮ ಹುಡುಕಾಟ ಎಳೆದು ಎಳೆದು ಮಗಳೇ ಕೂರುವಂತಾದ್ದರಿಂದ ನಮಗೆ ಆ ಚಿಂತೆ ತಪ್ಪಿತು.

ಕೊನೆಗೆ ದಾರಿ ತೋರಿಸಿದ್ದು ನಾದಿನಿ. ಅವಳ ಅಪಾರ್ಟ್‌ಮೆಂಟಿನಲ್ಲಿ ಹೊರದೇಶದಿಂದ ವಾಪಸ್ ಬಂದ ಕುಟುಂಬವೊಂದು ತಮ್ಮ ಮೂರು ಚಕ್ರದ ಸ್ಟ್ರೋಲರ್ ಮಾರುತ್ತಿತ್ತು. ಹನ್ನೆರಡು ಸಾವಿರ ಅಂದಿದ್ದರು. ಬಳಸಿದ್ದು ಅಂದ ಕೂಡಲೇ ಅತ್ತೆ ಮುಖ ಸಿಂಡರಿಸಿದರು: "ಮೊದ್ಲ ಕೂಸಿಗೆ ಮಂದಿ ಮಕ್ಕಳು ಕುಂತಿದ್ದು ಯಾಕವ್ವಾ?" ತೊಟ್ಟಿಲು ಮಾತ್ರ ನಮ್ಮನೆಯವರು, ನಾದಿನಿ, ಅವರ ದೊಡ್ಡಪ್ಪನ ಮಕ್ಕಳು ಎಲ್ಲರೂ ಮಲಗಿದ್ದದ್ದೇ. ಅದನ್ನು ಮಾವ ಅವರೇ ನೆನಪಿಸಿದರು, ನಾನು ಬಾಯಿ ಬಿಡುವ ಪ್ರಮೇಯ ಬರಲಿಲ್ಲ.

ಹಳೆಯದು ಕೊಳ್ಳುವುದಾದರೆ ಕೈಯಲ್ಲಿ ಮುಟ್ಟಿ ನೋಡದೆ ದುಡ್ಡು ಕೊಡಬೇಡಿ. ನಾನೂ ನಮ್ಮನೆಯವರೂ ಕೂಸನ್ನು ಕಟ್ಟಿಕೊಂಡು ಬೆಂಗಳೂರಿಗೆ ರೈಲು ಹತ್ತಿದೆವು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಆ ಗಾಡಿಯನ್ನು ತಿರುವಿ ಹಾಕಿ ನೋಡಿದೆವು. ಮೊದಲು ಮುಂಚಕ್ರ. ಮೂರು ಚಕ್ರದ್ದರ ಪ್ರಾಣವೇ ಅದು. ಕಳಚಿ ಹಾಕುವ ಕ್ವಿಕ್ ರಿಲೀಸ್ ಲಿವರ್ ಸರಿಯಾಗಿ ಬಿಗಿಯಾಗದಿದ್ದರೆ ಓಡುವಾಗಲೇ ಚಕ್ರ ಕಳಚಿ ಬೀಳಬಹುದು; ಇದೇ ಕಾರಣಕ್ಕೆ 2018ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಂದು ಕಂಪನಿಯ ಮೇಲೆ ಮೊಕದ್ದಮೆ ಹೂಡಿತ್ತು. ಲಿವರ್ ಹಾಕಿ, ಚಕ್ರ ಮೇಲೆತ್ತಿ, ಬಲವಾಗಿ ಎಳೆದು ನೋಡಿದೆವು. ಆಮೇಲೆ ಮಡಚುವ ಕೀಲು. 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರೋಲರ್‌ಗಳಿಗೆ ಕೀಲಿನ ಮೇಲೆ ಮುಚ್ಚಿಗೆ ಹಾಕಿಸಬೇಕಾಯಿತು, ಮಕ್ಕಳ ಬೆರಳ ತುದಿ ಅದರಲ್ಲಿ ಸಿಕ್ಕು ತುಂಡಾದದ್ದರಿಂದ. ನಾವು ನೋಡಿದ್ದರಲ್ಲಿ ಕೀಲು ಬಟ್ಟೆಯೊಳಗೆ ಮುಚ್ಚಿತ್ತು. ಆದರೂ ಮಡಚುವಾಗ ಬಿಡಿಸುವಾಗ ಕೂಸು ಬೇರೆಯವರ ಕಂಕುಳಲ್ಲಿ ಇರಬೇಕು, ಇದು ನಮ್ಮ ಮನೆಯ ನಿಯಮ.

ಬ್ರೇಕ್ ಹಾಕಿ ಪಾರ್ಕಿಂಗಿನ ಇಳಿಜಾರಿನಲ್ಲಿ ನಿಲ್ಲಿಸಿದೆವು. ಸೀಟಿನಲ್ಲಿ ನಾದಿನಿಯ ಮನೆಯಿಂದ ತಂದ ಹತ್ತು ಕೆಜಿ ಅಕ್ಕಿಚೀಲ ಕೂರಿಸಿ ಐದೂ ಕಡೆಯ ಬೆಲ್ಟ್ ಹಾಕಿದೆವು. ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕಾಲಿನ ನಡುವೆ ಒಂದು, ಇಷ್ಟಿದ್ದರೆ ಮಾತ್ರ ಐದು ಬಿಂದುವಿನ ಬೆಲ್ಟ್; ಬರೀ ಸೊಂಟದ್ದಾದರೆ ಬೇಡ. ಮಾರುವವರ ಪುಟ್ಟ ಮಗ ಪಕ್ಕದಲ್ಲಿ ನಿಂತು "ಅದು ನನ್ನ ಸೀಟು" ಅಂತ ಅಕ್ಕಿಚೀಲವನ್ನು ದುರುಗುಟ್ಟಿ ನೋಡುತ್ತಿದ್ದ. ಚೀಲದ ಭಾರ ಇಟ್ಟುಕೊಂಡೇ ಒಂದು ಕೈಯಲ್ಲಿ ತಿರುಗಿಸಿ ನೋಡಿದೆ. ಖಾಲಿ ಗಾಡಿ ಎಲ್ಲರಿಗೂ ಹಗುರವೇ. ಚೌಕಟ್ಟಿನ ಕೆಳಗೆ ಇಎನ್ 1888 ಅಂತ ಅಚ್ಚಾಗಿತ್ತು, ಅದು ಸ್ಟ್ರೋಲರ್‌ಗಳ ಸುರಕ್ಷತೆಗೆ ಯುರೋಪಿನ ಮಾನದಂಡ. ಆ ಮಾನದಂಡದ ಮೊದಲ ಭಾಗ 15 ಕೆಜಿವರೆಗಿನ ಮಕ್ಕಳಿಗೆ, ಎರಡನೆಯದು 22 ಕೆಜಿವರೆಗೆ. ಬೆಸುಗೆ ಹಾಕಿದ ಜಾಗಗಳಲ್ಲಿ ಬಿರುಕು ಇರಲಿಲ್ಲ. ಒಂದು ಹಿಂಚಕ್ರದ ಟೈರ್ ಸವೆದಿತ್ತು, ಬಿಸಿಲಿಗೆ ಮೇಲಿನ ಕೊಡೆಯ ಬಣ್ಣ ಹೋಗಿತ್ತು. ಆ ಎರಡನ್ನೇ ಹಿಡಿದು ಚೌಕಾಸಿ ಮಾಡಿ ಒಂಬತ್ತೂವರೆ ಸಾವಿರಕ್ಕೆ ಇಳಿಸಿದೆವು. ಅವರ ಹತ್ತಿರ ಕೈಪಿಡಿಯೂ ಇತ್ತು, ಅದನ್ನು ಕೇಳಿ ಪಡೆಯಿರಿ. ಟ್ಯೂಬಿನ ಅಳತೆ, ತೂಕದ ಮಿತಿ ಎಲ್ಲ ಅದರಲ್ಲೇ ಇರುತ್ತದೆ.

ತರುವುದು ಇನ್ನೊಂದು ಪ್ರಕರಣ. ಮರುದಿನ ಬಸ್ಸಿಗೆ ಬಂದೆವು. ಮೂರೂ ಚಕ್ರ ಕಳಚಿ ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದೆವು, ಚೌಕಟ್ಟನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿದೆವು. "ಸೈಕಲ್ಲಾ?" ಅಂತ ಕಂಡಕ್ಟರ್. ಕೂಸಿನ ಗಾಡಿ ಅಂದರೆ ನಂಬಲಿಲ್ಲ, ಚೀಲ ಬಿಚ್ಚಿಸಿ ಚಕ್ರ ನೋಡಿದರು, ಆಮೇಲೆ ಲಗೇಜ್ ಟಿಕೆಟ್ ಹರಿದರು. ಅದೂ ಇದೂ, ದಾವಣಗೆರೆಯಲ್ಲಿ ಇಳಿದ ಮೇಲಿನ ಆಟೋ ಎಲ್ಲ ಸೇರಿ ಇನ್ನೂರು ರೂಪಾಯಿ.

ಮನೆಗೆ ಬಂದ ಮೇಲೆ ಅತ್ತೆ ಗಾಡಿಯನ್ನು ಒಳಗೆ ಬಿಡಲಿಲ್ಲ. ಅಂಗಳದಲ್ಲೇ ನಿಲ್ಲಿಸಿ ನೀರು ಚಿಮುಕಿಸಿ, ವಿಭೂತಿ ಕುಂಕುಮ ಹಚ್ಚಿ, ಹೂವು ಸಿಕ್ಕಿಸಿ, ಮೂರು ಚಕ್ರಕ್ಕೆ ಮೂರು ನಿಂಬೆಹಣ್ಣು ಇಟ್ಟರು. "ಹ್ಞೂಂ, ತಳ್ಳಪ್ಪ ಈಗ" ಅಂತ ಮಗನಿಗೆ ಹೇಳಿದರು. ಹಿಂದಿನ ಎರಡು ನಿಂಬೆ ಚಪ್ಪಟೆಯಾದವು, ಮುಂದಿನದು ಮಾತ್ರ ಚಕ್ರ ಹೊರಳಿಕೊಂಡು ತಪ್ಪಿಸಿಕೊಂಡಿತು. ಮುಂಚಕ್ರ ಲಾಕ್ ಮಾಡಿ ಮತ್ತೆ ತಳ್ಳಿದ ಮೇಲೆಯೇ ಶಾಸ್ತ್ರ ಮುಗಿದದ್ದು. ಕೊಡೆಯ ಕಂಬಿಗೆ ಕರಿದಾರ ಕಟ್ಟಿದ್ದಾರೆ, ಅದು ಈಗಲೂ ಇದೆ.

ಮೆಟ್ಟಿಲಿಗೆ ಹಾಸಲು ವೆಲ್ಡಿಂಗ್ ಅಂಗಡಿಯವರಿಂದ ಹಲಗೆ ಮಾಡಿಸಿದೆವು. ಸಾದಾ ತಗಡು ಹಾಕಿದರೆ ಮಳೆಯಲ್ಲಿ ಜಾರುತ್ತದೆ, ಆದ್ದರಿಂದ ಹುಬ್ಬು ಗೆರೆಗಳಿರುವ ಚೆಕರ್ಡ್ ಪ್ಲೇಟು. ಅಗಲ 75 ಸೆಂಟಿಮೀಟರ್, ಎರಡೂ ಅಂಚಿಗೆ ಬೆರಳೆತ್ತರದ ಪಟ್ಟಿ, ಬೇಡವಾದಾಗ ಎತ್ತಿ ಗೋಡೆಗೆ ಒರಗಿಸಲು ಹಿಡಿಕೆ. 2,600 ರೂಪಾಯಿ. ಸ್ಟ್ರೋಲರ್ ಬಜೆಟ್ ಹಾಕುವಾಗ ಇಂಥ ಖರ್ಚು ಯಾರ ತಲೆಗೂ ಹೊಳೆಯುವುದಿಲ್ಲ. ಈಗ ಅದರ ಮೇಲೆ ಮಾವ ಅವರ ಟಿವಿಎಸ್ ಕೂಡ ಹತ್ತುತ್ತದೆ.

ಇಷ್ಟೆಲ್ಲ ಆಗಿ ನೆಮ್ಮದಿಯಾಗಿ ಕುಂದವಾಡ ಕೆರೆಗೆ ಹೋದ ಸಂಜೆಯೇ ಪಂಚರ್. ಜಾಲಿಮುಳ್ಳು ಎಡಗಡೆಯ ಸವೆದ ಟೈರಿಗೇ ಹೊಕ್ಕಿತ್ತು. ಮೂರು ಚಕ್ರದಲ್ಲಿ ಒಂದರ ಗಾಳಿ ಹೋದರೆ ಗಾಡಿ ಆ ಕಡೆಗೇ ವಾಲುತ್ತದೆ. ಕೂಸನ್ನು ಎತ್ತಿಕೊಂಡು, ಖಾಲಿ ಗಾಡಿಯನ್ನು ನಮ್ಮನೆಯವರು ಎಳೆದುಕೊಂಡು ಕಾರಿನವರೆಗೆ ಬಂದೆವು. ಸೈಕಲ್ ಅಂಗಡಿಯಲ್ಲಿ ಪಂಚರ್ ಹಾಕಿದರು, ಗಾಳಿ ಹೊಡೆಯಲು ಆಗಲಿಲ್ಲ. ನಮ್ಮ ಸಾದಾ ಸೈಕಲ್ಲುಗಳ ವಾಲ್ವೇ ಬೇರೆ, ಇದಕ್ಕೆ ಸ್ಕೂಟರ್ ಥರದ ವಾಲ್ವ್. ಹಾಗಂತ ಸ್ಕೂಟರ್ ಪಂಚರ್ ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗ ಕಂಪ್ರೆಸರ್ ಪೈಪ್ ಹಿಡಿದು ಬಂದ. ಟೈರಿನ ಪಕ್ಕದಲ್ಲಿ 30 ಪಿಎಸ್‌ಐ ಮೀರಬಾರದು ಅಂತ ಅಚ್ಚು ಹಾಕಿದೆ. ಕಂಪ್ರೆಸರ್‌ನಲ್ಲಿ ಒಂದು ಗಳಿಗೆ ಎಚ್ಚರ ತಪ್ಪಿದರೂ ಇಷ್ಟು ಪುಟ್ಟ ಟ್ಯೂಬು ಢಬ್ ಅನ್ನುತ್ತದೆ. ಅವನಿಗೆ ಹೇಳಿ ಕಾಲಿನಲ್ಲಿ ಒತ್ತುವ ಪಂಪಿನಿಂದ ಹೊಡೆಸಿದೆವು. ಟ್ಯೂಬಿನ ಅಳತೆ ಹನ್ನೆರಡೂವರೆ ಇಂಚಿಗೆ ಎರಡೂಕಾಲು, ಚಿಕ್ಕ ಮಕ್ಕಳ ಸೈಕಲ್ಲಿನದ್ದೇ. ಅದು ಇಲ್ಲೇ ಸಿಕ್ಕಿತು, ಎರಡು ಹೆಚ್ಚಿಗೆ ತಂದಿಟ್ಟೆವು. ಪಂಚರ್ ಮುಚ್ಚುವ ದ್ರವವನ್ನೂ ಮೂರಕ್ಕೂ ತುಂಬಿಸಿದೆವು. ಎಲ್ಲ ಸೇರಿ ನಾನೂರು ರೂಪಾಯಿ. ನಿಮ್ಮ ಓಣಿಯಲ್ಲಿ ಜಾಲಿ ಇದ್ದರೆ, ಪಂಚರ್‌ಗೆ ಓಡಾಡೋಕೆ ಮನೆಯಲ್ಲಿ ಗಂಡಾಳಿಲ್ಲದಿದ್ದರೆ, ಫೋಮ್ ಚಕ್ರದ್ದೇ ನೋಡಿ. ಕುಲುಕಾಟ ಸ್ವಲ್ಪ ಜಾಸ್ತಿ, ತಲೆನೋವು ಕಡಿಮೆ.

ಬಳಸುತ್ತಾ ತಿಳಿದ ಕೆಲವು ಸಂಗತಿ. ಮಂಡಿಪೇಟೆ ಅಂಗಡಿಯವರು ವಾಲುತ್ತದೆ ಅಂದಿದ್ದು ಪೂರ್ತಿ ಸುಳ್ಳಲ್ಲ. ಮುಂದೆ ಒಂದೇ ಚಕ್ರ ಇರುವುದರಿಂದ ವೇಗವಾಗಿ ತಿರುಗಿಸಿದರೆ, ಫುಟ್‌ಪಾತಿನಿಂದ ಓರೆಯಾಗಿ ಇಳಿಸಿದರೆ ಗಾಡಿ ಪಕ್ಕಕ್ಕೆ ಓಲುತ್ತದೆ. ನೇರವಾಗಿ, ಹಿಡಿ ಒತ್ತಿ ಮುಂಚಕ್ರ ಎತ್ತಿ ಇಳಿಸಬೇಕು. ಹಿಡಿಗೆ ತರಕಾರಿ ಚೀಲ ನೇತುಹಾಕುವ ಆಸೆ ಬಹಳ ಆಗುತ್ತದೆ. ಕೂಸನ್ನು ಎತ್ತಿಕೊಂಡ ಮರುಗಳಿಗೆ ಗಾಡಿ ಹಿಂದಕ್ಕೆ ಮಗುಚಿ ಟೊಮೆಟೊ ರಸ್ತೆಯಲ್ಲಿ ಉರುಳುತ್ತವೆ. ಚೀಲ ಕೆಳಗಿನ ಬುಟ್ಟಿಗೆ. ಜಲ್ಲಿ ರಸ್ತೆಯಲ್ಲಿ ಮುಂಚಕ್ರ ಲಾಕ್ ಮಾಡಿದರೆ ಅಡ್ಡಡ್ಡ ಹೊರಳುವುದಿಲ್ಲ, ಅಂಗಡಿ ಸಾಲಿನಲ್ಲಿ ಲಾಕ್ ತೆಗೆದರೆ ಸಲೀಸು. ಇಳಿಜಾರಿನಲ್ಲಿ ಕೈಪಟ್ಟಿ ಮಣಿಕಟ್ಟಿಗೆ ಇರಲೇಬೇಕು.

ಇನ್ನೊಂದು ಮಾತು ನಮ್ಮೂರಿನ ಬಿಸಿಲಿಗೆ ಸಂಬಂಧಿಸಿದ್ದು. ಏಪ್ರಿಲ್, ಮೇನಲ್ಲಿ ಕೂಸಿಗೆ ಬಿಸಿಲು ತಾಗದಿರಲಿ ಅಂತ ಕೊಡೆಯ ಮೇಲಿಂದ ಬಟ್ಟೆ ಹೊದಿಸಿ ಮುಚ್ಚುವುದನ್ನು ಬಹಳ ಕಡೆ ನೋಡಿದ್ದೇನೆ. ಅತ್ತೆಯೂ ತಮ್ಮ ಹಳೇ ಕಾಟನ್ ಸೀರೆ ತಂದಿದ್ದರು. ಬಟ್ಟೆ ತೆಳ್ಳಗಿದ್ದರೂ ಗಾಳಿ ಆಡದೆ ಒಳಗಿನ ಸೆಕೆ ಏರುತ್ತಲೇ ಹೋಗುತ್ತದೆ. ಸೀರೆಯೊಳಗೆ ಅವರದೇ ಕೈ ಇಟ್ಟು ಹತ್ತು ನಿಮಿಷ ನಿಲ್ಲಲು ಹೇಳಿದೆ, ಅಷ್ಟರಲ್ಲೇ "ಬ್ಯಾಡ ಬಿಡವ್ವ" ಅಂದರು. ಐದೂವರೆಯ ಮೇಲೆ ಹೊರಡುತ್ತೇವೆ, ಸೊಳ್ಳೆಗೆ ಬಲೆ ಹಾಕುತ್ತೇವೆ. ಬಲೆ ಮತ್ತು ಮಳೆಯ ಹೊದಿಕೆ ಸೇರಿ ಆರುನೂರು ಕೊಟ್ಟಿದ್ದೆವು.

ಲೆಕ್ಕ ಹಾಕಿದರೆ ಹದಿಮೂರು ಸಾವಿರದ ಮುನ್ನೂರು, ಬೆಂಗಳೂರಿಗೆ ಹೋಗಿ ಬಂದ ಟಿಕೆಟ್ ಬಿಟ್ಟು. ಕಡಿಮೆಯೇನಲ್ಲ. ಸಂಜೆ ನಾನು ಸೊಂಟ ಹಿಡಿದುಕೊಳ್ಳದೆ ಒಂದು ಗಂಟೆ ನಡೆಯುತ್ತೇನೆ, ಮಂಡಿನೋವಿನ ಅತ್ತೆ ಹಿಡಿಯನ್ನೇ ಆಸರೆ ಮಾಡಿಕೊಂಡು ಪಾರ್ಕಿನ ತನಕ ಬರುತ್ತಾರೆ, ವಾಪಸ್ ಬರುವಾಗ ನನ್ನ ಕೈಗೆ ಕೊಡುವುದೂ ಇಲ್ಲ. ನಮಗೆ ದುಡ್ಡು ಹುಟ್ಟಿದೆ ಅಂತಲೇ ನನ್ನ ಲೆಕ್ಕ. ಆದರೆ ಮೇಲ್ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದವರಿಗೆ ಹನ್ನೊಂದು ಕೆಜಿಯ ಈ ಗಾಡಿ ಬೇಡವೇ ಬೇಡ. ಕೂಸೊಂದು ಕಂಕುಳಲ್ಲಿ, ಗಾಡಿಯೊಂದು ಕೈಯಲ್ಲಿ, ಮೆಟ್ಟಿಲು ಹತ್ತೋಕಾಗುವುದಿಲ್ಲ. ಹೆಚ್ಚು ಓಡಾಟ ಆಟೋ, ಬಸ್ಸಿನಲ್ಲೇ ಇರುವವರಿಗೂ ಬೇಡ.

ಮೊನ್ನೆ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು, ಏಳು ತಿಂಗಳ ಬಸುರಿ, ನಮ್ಮದರಂಥದ್ದೇ ಬೇಕು ಅಂತ ಫೋನ್ ಮಾಡಿದ್ದರು. ಶಾಮನೂರು ರಸ್ತೆಯ ಕಡೆ ಅಪಾರ್ಟ್‌ಮೆಂಟ್, ಒಳಗೆಲ್ಲ ಪೇವರ್ ಹಾಸಿದ ದಾರಿ, ಲಿಫ್ಟ್ ಇದೆ. ಟೇಪ್ ತಗೊಂಡು ಹೋಗಿ ಲಿಫ್ಟಿನ ಬಾಗಿಲು ಅಳೆದು ನೋಡಿ, ನಾದಿನಿ ಕೊಟ್ಟಿದ್ದ ನಾಲ್ಕು ಚಕ್ರದ ಸ್ಟ್ರೋಲರನ್ನು ಅವರಿಗೆ ಕೊಟ್ಟುಬಂದೆ. ಅದರ ಸೀಟು ಪೂರ್ತಿ ಮಲಗುತ್ತದೆ, ಹುಟ್ಟಿದ ಕೂಸಿಗೆ ಅದೇ ಸರಿ.